ಕಿರಸ್ತಾನದವ್ವನ ಮುಯ್ಯಿ

ಮಳವಳ್ಳಿಯ ಚರ್ಚಿನ ಹೊಸ ಅಯ್ಯನವರು ಮೊನ್ನೆ ಮನೆಗೆ ಬಂದಿದ್ದರು. ವಯಸ್ಸು ಚಿಕ್ಕದು, ಮಾತು ದೊಡ್ಡದು. ನಮ್ಮೂರಲ್ಲಿ ಸುವಾರ್ತೆ ಸಾರಿ ತೀರಿಹೋದ ಅಮ್ಮನ ನೆನಪಿಗೆ ಪುಸ್ತಕ ಮಾಡುತ್ತಾರಂತೆ. ಆಕೆಯ ಕೈಯಲ್ಲಿ ಅಕ್ಷರ ಕಲಿತವರಲ್ಲಿ ಉಳಿದಿರುವವಳು ನಾನೊಬ್ಬಳೇ ಅಂತೆ. ಆಕೆಯ ಪವಿತ್ರ ಜೀವನದ ಬಗ್ಗೆ ನಾಲ್ಕು ಮಾತು ಬರೆದುಕೊಡಬೇಕಂತೆ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಪವಿತ್ರ ಎನ್ನುವ ಮಾತನ್ನು ಅವರು ಎಷ್ಟು ಸಲ ಹೇಳಿದರೆಂದರೆ, ಆಕೆ ಕೇಳಿಸಿಕೊಂಡಿದ್ದರೆ ಅರ್ಧಕ್ಕೇ ಎದ್ದು ಸಗಣಿ ಬಾಚಲು ಹೋಗಿಬಿಡುತ್ತಿದ್ದಳು.

ಬರೆಯುತ್ತೇನೆ. ಆದರೆ ಅಯ್ಯನವರು ಕೇಳುವ ಹೆಂಗಸನ್ನು ನಾನು ನೋಡಿಲ್ಲ. ನಾನು ನೋಡಿದವಳಿಗೆ ನಾಟಿ ಹಾಕಲು ಬರುತ್ತಿರಲಿಲ್ಲ, ಹಾಡಲು ಬರುತ್ತಿರಲಿಲ್ಲ, ಸುಳ್ಳು ಹೇಳಲಂತೂ ಮೊದಲೇ ಬರುತ್ತಿರಲಿಲ್ಲ. ಇಷ್ಟೂ ಬಾರದವಳು ನಮ್ಮೂರಲ್ಲಿ ಹೇಗೆ ಬಾಳಿದಳೋ, ಅದನ್ನು ಬೇಕಾದರೆ ಅಚ್ಚು ಹಾಕಿಸಿಕೊಳ್ಳಲಿ.

ನಮ್ಮೂರು ಪೂರಿಗಾಲಿಯ ಕಡೆ, ನಾಲೆಯ ಬಗಲಲ್ಲಿದೆ. ನಾನು ಸೊಸೆಯಾಗಿ ಬಂದ ಹೊಸತು. ಗಂಡಸರೆಲ್ಲ ಕಾಂಗ್ರೆಸ್ಸಿನವರು ಬಾವುಟ ಹಾರಿಸುವುದನ್ನು ನೋಡಲು ಶಿವಪುರಕ್ಕೆ ಹೋಗಿದ್ದ ಸಮಯದಲ್ಲಿ ಒಂದು ಎತ್ತಿನ ಗಾಡಿ ಬಂದು ಊರ ಮುಂದೆ ನಿಂತಿತು. ತಗಡಿನ ಟ್ರಂಕು, ಛತ್ರಿ, ಮೊಣಕೈ ದಾಟಿದ ರವಿಕೆ, ಕನ್ನಡಕ, ಬೋಳು ಹಣೆ. ವಿಧವೆ ಎನ್ನೋಣವೆಂದರೆ ಬಿಳಿ ಸೀರೆಗೆ ನೀಲಿ ಅಂಚು. ಮುತ್ತೈದೆ ಎನ್ನೋಣವೆಂದರೆ ಹಣೆಯಲ್ಲಿ ಏನೂ ಇಲ್ಲ. ಸುವಾರ್ತೆ ಸಾರಲು ಮೈಸೂರಿನ ಕ್ರೈಸ್ತ ಸಭೆಯವರು ಕಳಿಸಿದ್ದಾರೆ ಎಂದಳು.

ನಮ್ಮತ್ತೆ ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದಳು. "ಯಾವ್ ಜನ ಕಣಮ್ಮ ನೀನು?"

"ನಾನು ಯೇಸುವಿನವಳು."

"ಅದು ಈಗ. ಅದ್ಕೂ ಮುಂಚೆ?"

"ಅದಕ್ಕೂ ಮುಂಚೆ ಪಾಪಿಯಾಗಿದ್ದೆ."

"ಪಾಪಿ ಅಂಬೋದು ಒಂದು ಜಾತಿ ಆಯ್ತದಾ? ನಮ್ಮೋರಲ್ಲೂ ಬೇಕಾದಂಗೆ ಅವ್ರೆ. ನಮ್ ಪಟೇಲನೇ ಇಲ್ವಾ!"

ಊರೊಳಕ್ಕೆ ಕರೆಯಲೂ ಜಾತಿ ಗೊತ್ತಿಲ್ಲ, ಹೊಲೆಗೇರಿಗೆ ಕಳಿಸಲೂ ಜಾತಿ ಗೊತ್ತಿಲ್ಲ. ನಾಲೆ ತೋಡಿದ ಕಾಲದಲ್ಲಿ ಕೆಲಸದವರು ಕಟ್ಟಿ ಬಿಟ್ಟುಹೋಗಿದ್ದ ತಗಡಿನ ಮನೆಯೊಂದು ಊರಿಗೂ ಕೇರಿಗೂ ನಡುವೆ ಖಾಲಿ ಬಿದ್ದಿತ್ತು. ಅಲ್ಲಿ ಇರು ಎಂದರು. ಆಕೆಗೆ ಆಕೆಯದೇ ಹೆಸರು ಇತ್ತು. ಉದ್ದನೆಯದು, ನಮ್ಮ ನಾಲಿಗೆಗೆ ಹತ್ತಲಿಲ್ಲ. ಕಿರಸ್ತಾನದವ್ವ ಎಂದೆವು. ಸಾಯುವವರೆಗೂ ಅದೇ ಆಯಿತು.

ಮೊದಮೊದಲು ಆಕೆ ಅರಳಿಕಟ್ಟೆಯ ಹತ್ತಿರ ಬಣ್ಣದ ಪಟ ಬಿಚ್ಚಿ ಕಥೆ ಹೇಳುತ್ತಿದ್ದಳು. ನಮಗೇನು, ನಾಟಕ ಬಂದ ಹಾಗೆ. ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಪಟ ತೋರಿಸಿದ ದಿನ ಅತ್ತೆ ಬಾಯಿ ಹಾಕಿದಳು.

"ಈವಯ್ಯ ಒಂದು ಕುರಿ ಹಿಂದೆ ಓದ್ನಲ್ಲ, ಮಿಕ್ಕ ಮಂದೆ ಕಾಯೋರ್ಯಾರು?"

"ಅವು ಹುಲ್ಲುಗಾವಲಿನಲ್ಲಿ ಇದ್ದವು ಅಮ್ಮ."

"ತ್ವಾಳ ಬಂದ್ರೆ?"

ತೋಳ ಎಲ್ಲಾದರೂ ಇದೆಯೇ ಎಂದು ಆಕೆ ಪಟವನ್ನು ಬಗ್ಗಿ ನೋಡಿದಳು.

"ಒಳ್ಳೇವ್ನು ಕಣಮ್ಮ, ಇಲ್ಲ ಅನ್ನಾಕಿಲ್ಲ. ಆದ್ರೆ ಇಂತವ್ನ ನಾವು ಕುರಿ ಕಾಯಾಕೆ ಇಟ್ಕಳಾಕಿಲ್ಲ."

ಆದರೂ ಅತ್ತೆ ಆ ಪಟ ಕೇಳಿ ಇಸಿದುಕೊಂಡು, ಮನೆದೇವರ ಗೂಡಿನಲ್ಲಿ ಇಟ್ಟು, ಮಂಗಳವಾರ ಒಂದು ಊದುಕಡ್ಡಿ ಹಚ್ಚಿದಳು. ಅದನ್ನು ಬಾಗಿಲಿಂದ ಇಣುಕಿ ಕಂಡ ಕಿರಸ್ತಾನದವ್ವನ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಇನ್ನೂ ಯಾಕವ್ವ ಮಕ ಬಾಡುಸ್ಕಂಡಿದ್ದೀಯ? ಮಧ್ಯಕ್ಕೇ ಇಟ್ಟಿವ್ನಿ ನೋಡು," ಎಂದಳು ಅತ್ತೆ.

ಹೀಗೆ ಕೆಲವು ವರ್ಷ ಕಳೆಯಿತು. ಯುದ್ಧ ಶುರುವಾಗಿ ಸೀಮೆಎಣ್ಣೆಗೆ ಗತಿಯಿಲ್ಲದಾಯಿತು. ನಮ್ಮ ಕಡೆ ಗಂಡಸರು ಕೆಲವರು ಮಂಡ್ಯದ ಸಕ್ಕರೆ ಕಾರ್ಖಾನೆಗೆ, ಕೆಲವರು ಸಿಪಾಯಿಗಳಾಗಿ ಪಟಾಲಮ್ಮಿಗೆ ಹೋದರು. ಆಕೆಯ ಕಥೆ ಕೇಳಿ ಒಂದು ನೊಣವೂ ಕಿರಸ್ತಾನ ಆಗಲಿಲ್ಲ. ಆಮೇಲೆ ಮೈಸೂರಿನಿಂದ ಅಯ್ಯನವರು ಬಂದರು. ಈಗಿನವರಲ್ಲ, ಆಗಿನವರು. ಅವರು ಆಕೆಗೆ ಎರಡು ಮಾತು ಹೇಳಿ ಹೋದರಂತೆ. ಒಂದು, ಬಾಯಿಂದ ಸಾರಿದ್ದು ಸಾಕು, ಇನ್ನು ಬದುಕಿ ತೋರಿಸಿ. ಇನ್ನೊಂದು, ಮುಂದಿನ ಕ್ರಿಸ್ಮಸ್ಸಿಗೆ ಒಬ್ಬರಾದರೂ ದೀಕ್ಷಾಸ್ನಾನಕ್ಕೆ ಸಿಗದಿದ್ದರೆ ಸಭೆಯವರು ತಗಡಿನ ಮನೆಗೆ ಬೀಗ ಹಾಕುತ್ತಾರೆ. ಆಕೆ ಮೈಸೂರಿನ ಸಭೆಯ ಹಾಸ್ಟೆಲ್ಲಿನ ಅಡುಗೆಮನೆಗೆ ವಾಪಸ್ಸು.

ಆಕೆ ಹುಟ್ಟಿದಂದಿನಿಂದ ಅದೇ ಹಾಸ್ಟೆಲ್ಲಿನ ಅನ್ನ ಉಂಡು ಬೆಳೆದವಳು. ಬಾಗಿಲಲ್ಲಿ ಯಾರೋ ಇಟ್ಟುಹೋಗಿದ್ದ ಕೂಸು. ಜಾತಿ ಯಾವುದು ಎಂದು ಆಕೆಗೂ ಗೊತ್ತಿರಲಿಲ್ಲ, ಹೇಳದಿದ್ದುದನ್ನು ನಮ್ಮ ಊರು ಕೊಬ್ಬು ಎಂದುಕೊಂಡಿತ್ತು. ನನಗೆ ಇದೆಲ್ಲ ಹೇಳಿದ್ದು ನಾಲೆಯಲ್ಲಿ ಬಟ್ಟೆ ಒಗೆಯುವಾಗ.

"ಅಲ್ಲಿ ಎಲ್ಲರೂ ಒಳ್ಳೆಯವರೇ ತಾಯಿ. ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಕೊಟ್ಟದ್ದಕ್ಕೆಲ್ಲ ವಂದನೆ ಹೇಳಿ ಹೇಳಿ ನನ್ನ ಬೆನ್ನು ಬಾಗಿತ್ತು. ಇಲ್ಲಿ ನಿಮ್ಮ ಅತ್ತೆ ನನ್ನ ಜೊತೆ ಜಗಳ ಆಡುತ್ತಾರೆ. ನಾನೂ ಆಡುತ್ತೇನೆ. ಅಲ್ಲಿಗೆ ಮಾತ್ರ ನನ್ನನ್ನು ಕಳಿಸಬಾರದು."

ಅತ್ತೆಯ ಜೊತೆ ಜಗಳ ಆಡಲು ಆಸೆಪಟ್ಟು ಒಂದು ಊರಲ್ಲಿ ನಿಲ್ಲುವ ಹೆಂಗಸನ್ನು ನಾನು ಹಿಂದೆಯೂ ನೋಡಿಲ್ಲ, ಮುಂದೆಯೂ ನೋಡಲಿಲ್ಲ.

ಬದುಕಿ ತೋರಿಸುವ ಕೆಲಸ ಮಾರನೆಯ ದಿನವೇ ಶುರುವಾಯಿತು. ಅದಕ್ಕಿಂತ ಕಥೆಯೇ ವಾಸಿಯಿತ್ತು. ಬೆಳಗಾದರೆ ಸಾಕು, ಯಾರ ತಲೆಯ ಮೇಲೆ ಹೊರೆ ಕಂಡರೂ ಇಳಿಸಿಕೊಳ್ಳುವುದು. ಮೇಲುಬೀದಿಯ ಮುದುಕಿಯೊಬ್ಬಳ ಬೆರಣಿ ಪುಟ್ಟಿಗೆ ಹಿಂದಿನಿಂದ ಕೈಹಾಕಿದ್ದಕ್ಕೆ, ಮುದುಕಿ "ಅಯ್ಯಯ್ಯೋ ಕಳ್ಳೀ" ಎಂದು ಕೂಗಿ ಊರು ಕೂಡಿಸಿದಳು. ನಾನು ಒಂದು ಸಲ ಕೋಳಿ ಮಾರಲು ಮಳವಳ್ಳಿ ಸಂತೆಗೆ ಜೊತೆಗೆ ಕರೆದುಕೊಂಡು ಹೋದೆ. ಕೋಳಿ ಸಾಬರು ನನ್ನ ಹೇಂಟೆಯ ರೆಕ್ಕೆ ಎತ್ತಿ ನೋಡಿ, "ಮೊಟ್ಟೆ ಇಡ್ತದೇನಮ್ಮ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಈಕೆ, "ಇಲ್ಲ ಸಾಬರೇ, ಮೊಹರಂ ಆದಮೇಲೆ ಇಟ್ಟಿಲ್ಲ," ಎಂದಳು. ಸಾಬರು ನಕ್ಕು ನಕ್ಕು ಗಡ್ಡ ಒರೆಸಿಕೊಂಡರು. ಆಮೇಲೆ ಪ್ರತಿ ಸಂತೆಯಲ್ಲೂ ನನ್ನ ಕೋಳಿ ಕಂಡರೆ, "ಆ ಕನ್ನಡಕದಮ್ಮ ಬಂದಿಲ್ವಾ? ಬರಲಿ, ಕೇಳಿ ತಗೋತೀನಿ," ಎನ್ನುವರು. ಸುವಾರ್ತೆ ನನ್ನ ಮನೆಗೆ ತಂದ ಲಾಭ ಇದು.

ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಳು. ಅದೂ ಗದ್ದೆಯ ಬದುವಿನ ಮೇಲೆ. ನಮ್ಮ ಕೆಂದನಾಯಿ ಎರಡೇ ದಿನದಲ್ಲಿ ಆ ಪ್ರಾರ್ಥನೆಯ ಉದ್ದ ಕಲಿತುಬಿಟ್ಟಿತು. ಕಣ್ಣು ಬಿಡುವಷ್ಟರಲ್ಲಿ ರೊಟ್ಟಿ ಇರುತ್ತಿರಲಿಲ್ಲ. ಆಮೇಲೆ ಆಕೆ ರೊಟ್ಟಿಯ ಮೇಲೆ ಕುಳಿತುಕೊಂಡು ಪ್ರಾರ್ಥನೆ ಮಾಡುವುದನ್ನು ರೂಢಿಸಿಕೊಂಡಳು. ಆ ರೊಟ್ಟಿಯನ್ನು ಆಕೆಯೇ ಬೇಯಿಸಿ ತರುತ್ತಿದ್ದಳು. ಯಾರೂ ಬಾ ಉಣ್ಣು ಎನ್ನಲಿಲ್ಲ, ಆಕೆಯೂ ಕೇಳಲಿಲ್ಲ. ದೂರದ ಬದುವಿನಲ್ಲಿ ಒಬ್ಬಳೇ ಕುಳಿತು ತಿಂದು, ಕೈ ತೊಳೆದು ಮತ್ತೆ ಗದ್ದೆಗೆ ಇಳಿಯುತ್ತಿದ್ದಳು.

ನಾಟಿಯ ಕಾಲ ಬಂದಾಗಲೇ ನಿಜವಾದ ತೊಂದರೆ ಶುರುವಾದದ್ದು. ಪಟ್ಟಣದವರಿಗೆ ಮುಯ್ಯಿ ಎಂದರೆ ಗೊತ್ತಾಗಲಿಕ್ಕಿಲ್ಲ. ನೀನು ಒಂದು ದಿನ ನನ್ನ ಗದ್ದೆಯಲ್ಲಿ ಬಗ್ಗಿದರೆ ನಾನು ಒಂದು ದಿನ ನಿನ್ನ ಗದ್ದೆಯಲ್ಲಿ ಬಗ್ಗಬೇಕು. ದುಡ್ಡಿಲ್ಲ, ಕಾಸಿಲ್ಲ. ಮುಯ್ಯಿ ಬಿದ್ದವರು ಸಮಸಮ; ಮುಯ್ಯಾಳಿಗೆ ನಡುಮನೆಯಲ್ಲಿ ಎಲೆ. ಕೂಲಿಯಾಳು ಬೇರೆ; ಕೂಲಿಯಾಳಿಗೆ ಹಿತ್ತಲಲ್ಲಿ ಊಟ. ಕೇರಿಯವರು ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದರೇ ಹೊರತು ಅವರಿಗೂ ನಮಗೂ ಮುಯ್ಯಿ ಇರಲಿಲ್ಲ.

ಕಿರಸ್ತಾನದವ್ವ ಸೀರೆ ಎತ್ತಿ ಕಟ್ಟಿ ಎಲ್ಲರ ಗದ್ದೆಗೂ ಇಳಿದಳು. ಊರವರದಕ್ಕೂ ಇಳಿದಳು, ಕೇರಿಯವರ ತುಂಡು ಗದ್ದೆಗೂ ಇಳಿದಳು. ಪೈರನ್ನು ಹೆಣ ಹೂಳಿದಷ್ಟು ಆಳಕ್ಕೆ ಹೂಳುವಳು. ನಾವು ಹಿಂದಿನಿಂದ ಕಿತ್ತು ಮತ್ತೆ ನೆಡಬೇಕು. ಕೂಲಿ ಕೊಡಲು ಹೋದರೆ, "ಬೇಡ, ಇದು ಪ್ರೀತಿಯ ಕೆಲಸ," ಎನ್ನುವಳು. ಎಲ್ಲರ ಮನೆಯ ಮೇಲೂ ಆಕೆಯ ಮುಯ್ಯಿ ಬಿತ್ತು. ತೀರಿಸಲು ಆಕೆಗೆ ಒಂದು ಗುಂಟೆ ಗದ್ದೆಯೂ ಇಲ್ಲ.

ನಮ್ಮತ್ತೆಗೆ ಅನ್ನ ಇಳಿಯದಾಯಿತು. ಮುಯ್ಯಿ ಉಳಿಸಿಕೊಂಡು ಸತ್ತವರ ಹೆಸರನ್ನು ನಮ್ಮ ಕಡೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಒಂದು ದಿನ ಆಕೆಯ ತಗಡಿನ ಮನೆಯ ಮುಂದೆ ಹೋಗಿ ನಿಂತಳು.

"ಅಲ್ಲ ಕಣವ್ವ, ನಿಂಗೆ ಅಂತ ಏನೂ ಕೆಲ್ಸ ಇಲ್ವಾ? ನಾವು ಬಂದು ಮಾಡೋ ಅಂತದ್ದು?"

"ನನಗೇನು ಕೆಲಸ ಅಮ್ಮ? ಭಾನುವಾರದ ಪ್ರಾರ್ಥನೆ ಒಂದೇ."

"ಅದ್ಕೆ ಆಳು ಬೇಕಾ?"

ಆಕೆಯ ಕಣ್ಣು ಕನ್ನಡಕದೊಳಗೆ ದೊಡ್ಡದಾಯಿತು. "ಎಷ್ಟು ಜನ ಬಂದರೂ ಸಂತೋಷ!"

"ಸರಿ ಬುಡು. ಬತ್ತೀವಿ."

ಬಂದೆವು. ಊರ ಹೆಂಗಸರೂ ಬಂದೆವು, ಕೇರಿಯ ಹೆಂಗಸರೂ ಬಂದರು. ಅವರ ಮೇಲೂ ಮುಯ್ಯಿ ಬಿದ್ದಿತ್ತಲ್ಲ. ಕೇರಿಯವರ ಮುಂದಾಳು ಸಿದ್ದಿ. ಕರ್ರಗೆ, ಎತ್ತರಕ್ಕೆ, ನಗದೆ ನಗಿಸುವ ಹೆಂಗಸು. ಒಂದೇ ಸೂರಿನಡಿ ಹೇಗೆ ಕೂರುವುದು ಎಂದು ಎರಡೂ ಕಡೆಯವರು ತಗಡಿನ ಮನೆಯ ಹೊರಗೆ ನಿಂತುಬಿಟ್ಟೆವು. ಆಗ ಅತ್ತೆಯೇ, "ಕಣಕ್ಕೆ ನಡೀರಿ," ಎಂದಳು. ಕಣ ಎಂದರೆ ಒಕ್ಕಣೆಯ ಜಾಗ. ಅಲ್ಲಿ ಎಲ್ಲರೂ ಕಾಲಿಡುತ್ತಾರೆ.

ಸುದ್ದಿ ತಿಳಿದು ಪಟೇಲ ಬಂದ. "ಏನಮ್ಮೀ ಇದು, ಒಲೇರ ಪಕ್ಕದಾಗೆ ಕುಂತಿದ್ದೀರಾ?"

"ಕುಂತಿಲ್ಲ, ಕೆಲ್ಸ ಮಾಡ್ತಾ ಇದ್ದೀವಿ," ಎಂದಳು ಅತ್ತೆ. "ರಾಗಿ ಬಡೀವಾಗ ಇದೇ ಕಣದಾಗೆ ಇವ್ರೇ ಇರ್ತಾರಲ್ಲ, ಆವಾಗ ನಿಂಗೆ ಮೈಲಿಗೆ ಕಾಣಾಕಿಲ್ವಾ? ರಾಗಿ ಮೂಟೆ ಕಾಣ್ತದೆ. ಓಗ್ಲಾ, ಕಂಡಿವ್ನಿ."

ಪಟೇಲ ಹೋದ. ನಾಟಿಯಲ್ಲಿ ನಿಂತ ಹಾಗೆ ಸಾಲಾಗಿ ಕುಳಿತೆವು. ಕಿರಸ್ತಾನದವ್ವ ಹಾಡಿದಳು. ಎಣ್ಣೆ ಬಿಡದ ಗಾಡಿಯ ಕೀಲಿನಂಥ ಗಂಟಲು. ಓದಿದಳು, ಕಣ್ಣು ಮುಚ್ಚಿ ಪ್ರಾರ್ಥಿಸಿದಳು, ಆಮೆನ್ ಎಂದಳು. ನೆರಳು ಇನ್ನೂ ಕಾಲಡಿಗೆ ಬಂದಿರಲಿಲ್ಲ.

"ಆಯ್ತು ಅಮ್ಮಂದಿರೇ. ಇನ್ನು ಹೋಗಿ ಬನ್ನಿ."

ಒಬ್ಬರೂ ಏಳಲಿಲ್ಲ.

"ಇಷ್ಟೇಯಾ?" ಎಂದಳು ಅತ್ತೆ. "ಆಳು ಅಂದ್ರೆ ಒತ್ತು ಮುಳುಗೋಗಂಟ. ಅರ್ಧ ದಿನದ ಮುಯ್ಯಿ ನಾವು ಮಾಡಾಕಿಲ್ಲ. ಇನ್ನೂ ಏನೇನೈತೋ ತಗಿ."

ಪಾಪ, ಆಕೆ ತೆಗೆದಳು. ಎಲ್ಲ ಹಾಡೂ ಮುಗಿದವು, ಮತ್ತೆ ಮೊದಲಿಂದ ಹಾಡಿದಳು. ಪಟ ಎಲ್ಲ ಮುಗಿದವು. ಗಂಟಲು ಕಟ್ಟಿಹೋಯಿತು. ಕೊನೆಗೆ ಬೇರೇನೂ ತೋಚದೆ ಕಣದ ಮಣ್ಣಲ್ಲಿ ಕಡ್ಡಿಯಿಂದ ಅ ಬರೆದು, ಇದನ್ನು ತಿದ್ದಿ ಎಂದಳು. ನಾನು ಅಕ್ಷರ ಕಲಿತದ್ದು ಹೀಗೆ. ಭಾನುವಾರದ ಮೇಲೆ ಭಾನುವಾರ, ಹೊತ್ತು ಕಳೆಯಲಿಕ್ಕೆ. ಸಿದ್ದಿ ನನಗಿಂತ ಬೇಗ ಕಲಿತಳು. ಅದಕ್ಕೆ ನನಗೆ ಹೊಟ್ಟೆಯುರಿಯಿತು, ಹಾಗಾಗಿ ನಾನೂ ಕಲಿತೆ.

ಆಕೆ ಮಾತ್ರ ಆಕಾಶದಲ್ಲಿದ್ದಳು. ಕ್ರಿಸ್ಮಸ್ಸಿಗೆ ಮೊದಲು ದೇವರು ಕಣ್ಣು ಬಿಟ್ಟ ಎಂದುಕೊಂಡಿದ್ದಳು. ಇನ್ನು ಮೈಸೂರಿಗೆ ಹೋಗಬೇಕಿಲ್ಲ ಎಂದು ತಗಡಿನ ಮನೆಯ ಮುಂದೆ ಕನಕಾಂಬರದ ಗಿಡ ನೆಟ್ಟಳು. ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

"ನಿಮ್ ದೇವ್ರಿಗೋಸ್ಕರ ಬತ್ತಾ ಇಲ್ಲ ಕಣವ್ವ. ಮುಯ್ಯಿ ತೀರ್ಸಕ್ಕೆ ಬತ್ತಾವ್ರೆ."

ಆಕೆ ನೀರಿನ ಚೊಂಬು ಕೆಳಗಿಟ್ಟಳು. "ನಾನು ವಾಪಸ್ಸು ಕೇಳಿ ಮಾಡಿದ್ದಲ್ಲ. ಪುಕ್ಕಟೆ ಕೊಟ್ಟದ್ದು."

"ಪುಕ್ಕಟೆ ಇಸ್ಕಳಕ್ಕೆ ನಾವೇನು ತಿರುಪೆಯೋರಾ?"

ಹಾಸ್ಟೆಲ್ಲಿನ ಅನ್ನ ಉಂಡು ಬೆಳೆದವಳಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಬಹಳ ಹೊತ್ತು ಕನ್ನಡಕ ಒರೆಸಿದಳು. ಆಮೇಲೆ, "ಸರಿಯಾಗಿ ಹೇಳಿದೆ," ಎಂದಳು. ಮುಂದಿನ ಭಾನುವಾರವೂ ಹಾಡಿದಳು. ಮೊದಲಿಗಿಂತ ಸ್ವಲ್ಪ ಮೆಲ್ಲಗೆ.

ಅಷ್ಟರಲ್ಲಿ ಸುದ್ದಿ ಮೈಸೂರು ಮುಟ್ಟಿತ್ತು. ಆಕೆ ತಿಳಿಸಿದ್ದಲ್ಲ. ಸುಗ್ಗಿಯ ಕಾಲಕ್ಕೆ ಈ ಕಡೆ ಬಂದಿದ್ದ ಸಭೆಯವನೊಬ್ಬ ಕಣದಲ್ಲಿ ತುಂಬಿ ಕುಳಿತ ಹೆಂಗಸರನ್ನು ಕಂಡು ಹೋಗಿ ಹೇಳಿದ್ದ. ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ಅಯ್ಯನವರು ಗಾಡಿಯಲ್ಲಿ ಹಾರ್ಮೋನಿಯಂ, ಬಿಳಿ ನಿಲುವಂಗಿ ಹೇರಿಕೊಂಡು ಬಂದೇಬಿಟ್ಟರು. ನಾಲೆಯಲ್ಲಿ ಯಾವ ಜಾಗದಲ್ಲಿ ಮುಳುಗಿಸುವುದು ಎಂದು ಬರುವಾಗಲೇ ನೋಡಿಕೊಂಡಿದ್ದರಂತೆ. ಕಣ ಆಗತಾನೇ ಸಗಣಿ ಸಾರಿಸಿದ್ದು. ಬೂಟು ಬಿಚ್ಚಿ ಎಂದಳು ಅತ್ತೆ. ಬಿಚ್ಚಿದರು. ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ಮುಚ್ಚಲು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತೇ ದೇವರ ಮಹಿಮೆ ಹೇಳಿದರು.

"ಬದುಕಿ ತೋರಿಸಿದ್ದರ ಫಲ ಇದು! ಸಹೋದರಿಯರೇ, ನಿಮ್ಮಲ್ಲಿ ಯಾರು ಯಾರು ಯೇಸುವನ್ನು ಒಪ್ಪಿಕೊಂಡಿದ್ದೀರಿ, ಎದ್ದು ನಿಲ್ಲಿ."

ಅತ್ತೆ ಎದ್ದಳು. ಅಯ್ಯನವರ ಮುಖ ಅರಳಿತು.

"ನಾವು ಒಪ್ಕಳಕ್ಕೆ ಬಂದಿಲ್ಲ ಕಣಯ್ಯ. ಮುಯ್ಯಿಗೆ ಬಂದಿದ್ದೀವಿ. ಈವಮ್ಮ ನಮ್ ಗದ್ದೆಲಿ ಬಗ್ಗವ್ಳೆ, ಈವಮ್ಮನ ಕೆಲ್ಸದಾಗೆ ನಾವು ಬಗ್ಗಿದ್ದೀವಿ. ಅಷ್ಟೇಯ."

ಅಯ್ಯನವರು ಕಿರಸ್ತಾನದವ್ವನ ಕಡೆ ತಿರುಗಿದರು. "ಏನಮ್ಮ ಇದು? ಒಬ್ಬರಾದರೂ ಇಲ್ಲವೇ? ಯೋಚಿಸಿ ಹೇಳಿ."

ಆಕೆ ಒಂದು ಮಾತು ತಿರುಚಿದ್ದರೆ ಸಾಕಿತ್ತು. ಇನ್ನೂ ಸ್ವಲ್ಪ ದಿನ ಬೇಕು, ಮನಸ್ಸು ಕರಗುತ್ತಿದೆ, ಅಂಥದ್ದೇನಾದರೂ. ಅಯ್ಯನವರೇ ದಾರಿ ಬಿಟ್ಟಿದ್ದರು. ನಾನು ಹಿಂದಿನಿಂದ ಆಕೆಯ ಸೀರೆ ಜಗ್ಗಿದೆ. ಕೋಳಿ ವಿಷಯದಲ್ಲಿ ಸುಳ್ಳು ಹೇಳದವಳು ಇಲ್ಲಿ ಹೇಳುತ್ತಾಳೆಯೇ?

"ಇಲ್ಲ ಅಯ್ಯನವರೇ. ಒಬ್ಬರೂ ಇಲ್ಲ. ಇವರು ಹೇಳಿದ್ದು ನಿಜ."

ಅಯ್ಯನವರು ನಿಲುವಂಗಿಯನ್ನು ಮಡಿಸಿದರು. ತುಂಬ ಮೆತ್ತಗೆ, ಒಂದು ಚೂರೂ ಸಿಟ್ಟಿಲ್ಲದೆ, "ಹಾಗಾದರೆ ಟ್ರಂಕು ಕಟ್ಟಿಕೊಳ್ಳಿ," ಎಂದರು. ಆ ಮೆತ್ತನೆಯ ಮಾತಿಗೆ ಆಕೆಯ ಬೆನ್ನು ಬಾಗಿದ್ದನ್ನು ನಾನು ಕಂಡೆ.

"ಎಲ್ಲಿಗೆ?" ಎಂದಳು ಅತ್ತೆ.

"ಮೈಸೂರಿಗೆ."

"ಅದೆಂಗಾಯ್ತದೆ? ಈವಮ್ಮ ನಮ್ ಗದ್ದೆಲಿ ಮಾಡಿದ್ದಕ್ಕಿಂತ ನಾವು ಇಲ್ಲಿ ಕುಂತಿದ್ದೇ ಜಾಸ್ತಿ ಆಗೈತೆ. ಈಗ ಈವಮ್ಮನ ಮೇಲೇ ಮುಯ್ಯಿ ಬಿದ್ದೈತೆ. ತೀರುಸ್ದೆ ಊರು ಬುಡಂಗಿಲ್ಲ."

ನಮ್ಮತ್ತೆಗೆ ಆಕೆಯ ಮೇಲೆ ಕರುಣೆ ಉಕ್ಕಿತು ಎಂದು ಯಾರೂ ತಿಳಿಯಬಾರದು. ಊರಲ್ಲಿ ಎದುರು ಮಾತಾಡುವ ಹೆಂಗಸು ಬೇರೆ ಇರಲಿಲ್ಲ, ನಾನಂತೂ ಸೊಸೆ. ಅಯ್ಯನವರು ಬುದ್ಧಿವಂತರು. ಅವರು ಒಂದೇ ಪ್ರಶ್ನೆ ಕೇಳಿದರು.

"ಇವರಿಗೆ ಸಭೆಯಿಂದ ಇನ್ನು ಏನೂ ಬರುವುದಿಲ್ಲ. ಊಟ ಯಾರ ಮನೆಯಲ್ಲಿ?"

ಅಷ್ಟು ಭಾನುವಾರ ಸಾಲಾಗಿ ಕುಳಿತವರು, ಅವಳ ಕೈಯ ಅಕ್ಷರ ತಿದ್ದಿದವರು, ಎಲ್ಲರೂ ಸಗಣಿ ನೋಡತೊಡಗಿದೆವು. ನಾನೂ ನೋಡಿದೆ. ಬಾಯಿಬಿಟ್ಟು ಸಿಕ್ಕಿಬಿದ್ದವಳು ಅತ್ತೆ.

"ನಮ್ಮನೇಲಿ ಉಣ್ಲಿ," ಎಂದಳು. ಆಮೇಲೆ ಸ್ವಲ್ಪ ಸಣ್ಣಗೆ, "ಇತ್ತಲ ಜಗಲಿ ಮ್ಯಾಲೆ ಆಕ್ತೀವಿ."

ಕಿರಸ್ತಾನದವ್ವ ಬಾಗಿದ ಬೆನ್ನು ನೆಟ್ಟಗೆ ಮಾಡಿದಳು. ಹುಟ್ಟಿದಂದಿನಿಂದ ಯಾರಾದರೂ ಕೊಟ್ಟ ಅನ್ನವನ್ನು ಆಕೆ ಬೇಡ ಎಂದದ್ದು ಅದೇ ಮೊದಲಿರಬೇಕು.

"ಹಿತ್ತಲಲ್ಲಿ ಉಂಡರೆ ಕೂಲಿ. ನಡುಮನೆಯಲ್ಲಿ ಉಂಡರೆ ಮುಯ್ಯಿ. ನೀವೇ ಕಲಿಸಿದ್ದು. ನಾನು ಯಾವುದು ಅಮ್ಮ, ಹೇಳಿ."

ಈಗ ಅತ್ತೆಯೂ ಸಗಣಿ ನೋಡತೊಡಗಿದಳು. ಅದನ್ನು ಕಣ್ಣಾರೆ ಕಂಡ ಪುಣ್ಯ ನನ್ನದು.

ಆಗ ಕೇರಿಯವರ ಸಾಲಿನಿಂದ ಸಿದ್ದಿ ಎದ್ದಳು. "ನಮ್ಮನೇಲಿ ನಡುಮನೆ, ಇತ್ತಲು ಎಲ್ಲಾ ಒಂದೇಯ ಕಣವ್ವ, ಇರೋದೇ ಒಂದು ಅಂಕಣ. ಬಂದು ಉಣ್ಣು."

ಕಿರಸ್ತಾನದವ್ವ ಅಯ್ಯನವರಿಗೆ ಕೈಮುಗಿದು, ತಗಡಿನ ಮನೆಯಿಂದ ಟ್ರಂಕು ಎತ್ತಿಕೊಂಡು ಕೇರಿಗೆ ನಡೆದಳು. ಹಾರ್ಮೋನಿಯಂ ಹಾಗೇ ಗಾಡಿಗೆ ಹತ್ತಿತು. ಅಯ್ಯನವರು ಬೂಟು ಹಾಕಿಕೊಳ್ಳುತ್ತ, "ಈಕೆ ದಾರಿ ತಪ್ಪಿದಳು," ಎಂದರು. ನಮ್ಮ ಊರೂ ಅದನ್ನೇ ಹೇಳಿತು. ಒಂದು ವಿಷಯದಲ್ಲಾದರೂ ಸಭೆಗೂ ಊರಿಗೂ ಒಮ್ಮತ ಬಂತು.

ಅಲ್ಲಿಂದ ಮುಂದೆ ಆಕೆ ಕೇರಿಯವಳೇ ಆದಳು. ನಮ್ಮ ಹೆಂಗಸರು ಬಾವಿಯ ಹತ್ತಿರ, "ಈಗ ಗೊತ್ತಾಯ್ತು ಬುಡು ಯಾವ್ ಜಾತಿ ಅಂತ," ಎಂದು ನೆಮ್ಮದಿಪಟ್ಟರು. ಆರು ತಿಂಗಳು ಆಕೆ ಊರೊಳಕ್ಕೆ ಕಾಲಿಡಲಿಲ್ಲ. ಸಿದ್ದಿಯ ಜೊತೆ ಕೂಲಿಗೆ ಹೋಗುವಳು, ಉಂಡದ್ದನ್ನು ದುಡಿದು ತೀರಿಸುವಳು, ಭಾನುವಾರ ಕೇರಿಯಲ್ಲೇ ಹಾಡುವಳು. ಅಲ್ಲೂ ಯಾರೂ ದೀಕ್ಷೆ ತೆಗೆದುಕೊಳ್ಳಲಿಲ್ಲ. ಹೊತ್ತು ಮುಳುಗುವವರೆಗೆ ಕೂರಿ ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಮತ್ತೆ ನಾಟಿ ಬಂತು. ನಾಲೆಯ ನೀರು ಬಿಟ್ಟರು. ಗಂಡಸರು ಅರ್ಧಕ್ಕರ್ಧ ಊರಲ್ಲಿಲ್ಲ, ಆಳಿಗೆ ಬರ. ನಮ್ಮ ಪೈರು ಬಲಿತು ಗಿಣ್ಣು ಕಟ್ಟುತ್ತಿತ್ತು. ಇನ್ನು ನಾಲ್ಕು ದಿನ ಬಿಟ್ಟರೆ ನೆಟ್ಟರೂ ದಂಡ. ಅತ್ತೆ ಕೂಲಿಗೆ ಕರೆಯಲು ಕೇರಿಯ ಬಾಯಿಗೆ ಹೋದಳು, ಹಿಂದೆ ನಾನು.

ಸಿದ್ದಿ ಬೀಡಿ ಸೇದುತ್ತ ಹೊರಗೇ ನಿಂತಿದ್ದಳು. "ಬತ್ತೀವಿ ಕಣಮ್ಮ, ಬರ್ದೆ ಏನು. ಆದ್ರೆ ನಮ್ಮವ್ವಂದು ಒಂದು ಮಾತೈತಲ್ಲ, ಕೂಲಿಯೋ ಮುಯ್ಯಿಯೋ ಅಂತ. ಅದ್ಕೆ ನೀವು ಇನ್ನೂ ಜವಾಬು ಕೊಟ್ಟಿಲ್ಲ. ಜವಾಬು ಬರೋಗಂಟ ನಿಮ್ ಗದ್ದೆಗೆ ಯಾರೂ ಇಳಿಯಾಕಿಲ್ಲ."

"ಯಾವಳ್ ಏಳ್ಕೊಟ್ಟವ್ಳೆ ಇದನ್ನ? ಅವ್ಳೇಯಾ?"

"ಅವ್ವ ಬ್ಯಾಡ ಅಂತಾನೇ ಅವ್ಳೆ. ನಾವೇ ಅನ್ನದು."

ಅತ್ತೆ ದಾರಿಯುದ್ದಕ್ಕೂ ಬೈದಳು. ಸಿದ್ದಿಯನ್ನು, ಯೇಸುವನ್ನು, ಜರ್ಮನಿಯವನನ್ನು, ನನ್ನನ್ನು. ಗದ್ದೆಗೆ ಹೋಗಿ ಒಂದು ಪೈರು ಕಿತ್ತು, ಗಿಣ್ಣು ಮುರಿದು ನೋಡಿದಳು. ಮನೆಗೆ ಬಂದು ಮುದ್ದೆಗೆ ಎಸರಿಟ್ಟಳು, ಉಪ್ಪುಸಾರು ಕಾಯಿಸಿದಳು, ನಡುಮನೆ ಗುಡಿಸಿ ಒಂದು ಬಾಳೆ ಎಲೆ ಹಾಕಿದಳು.

"ಓಗು. ಅವ್ಳ್ನ ಕರ್ಕಂಡು ಬಾ. ನಡುಮನೇಲಿ ಎಲೆ ಆಕೈತೆ ಅನ್ನು. ದೇವ್ರಾಣೆ ನಿಮ್ ಮಾವನ ಕಿವಿಗೆ ಮಾತ್ರ ಬೀಳ್ಕೂಡ್ದು."

ಕರೆದುಕೊಂಡು ಬಂದೆ. ಆದರೆ ಬಂದವರು ಇಬ್ಬರು. ಕಿರಸ್ತಾನದವ್ವ ಹೊಸ್ತಿಲಲ್ಲಿ ನಿಂತಳು, ಆಕೆಯ ಕೈ ಸಿದ್ದಿಯ ಕೈಯಲ್ಲಿತ್ತು. ಸಿದ್ದಿಯ ಹಣೆಯಲ್ಲಿ ಬೆವರು. ಅಷ್ಟು ಮಾತಾಡಿದ್ದ ಹೆಂಗಸು ಆ ಹೊಸ್ತಿಲಿಗೆ ಒಂದು ಮೊಳ ಹಿಂದೆಯೇ ನಿಂತಿದ್ದಳು.

"ನಾನು ಆರು ತಿಂಗಳು ಇವಳ ಮನೆಯಲ್ಲಿ ಉಂಡಿದ್ದೇನೆ ಅಮ್ಮ," ಎಂದಳು ಕಿರಸ್ತಾನದವ್ವ. "ಇವಳನ್ನು ಹೊರಗೆ ನಿಲ್ಲಿಸಿ ನಾನು ಒಳಗೆ ಉಣ್ಣಲಾರೆ."

ಅತ್ತೆ ಆಕೆಯನ್ನು ನೋಡಿದಳು, ಸಿದ್ದಿಯನ್ನು ನೋಡಿದಳು, ಬಾಗಿಲಾಚೆ ಕಾಣುತ್ತಿದ್ದ ಗದ್ದೆಯನ್ನು ನೋಡಿದಳು. ಹಲ್ಲು ಕಡಿದದ್ದು ನನಗೆ ಕೇಳಿಸಿತು. ಇನ್ನೊಂದು ಎಲೆ ತಂದು ಹಾಸಿದಳು. ಇಬ್ಬರಿಗೂ ಮುದ್ದೆಯಿಟ್ಟಳು, ಸಾರು ಬಿಟ್ಟಳು. ಮೇಲಿಂದ ಎಸೆಯಲಿಲ್ಲ, ಅದನ್ನು ಹೇಳಬೇಕು. ಬಡಿಸಿ ಮುಗಿಸಿ ತನ್ನ ತಟ್ಟೆಗೆ ಒಂದು ಮುದ್ದೆ ಹಾಕಿಕೊಂಡು, ಒಂದೇ ಸಾಲಿನಲ್ಲಿ ಹೇಗೆ ಕೂರುವುದು ಎಂದು ಸೆರಗು ಕೊಡವಿ ಎದ್ದು ಕೊಟ್ಟಿಗೆಗೆ ಹೋದಳು. ನಮ್ಮ ಮನೆಯ ಯಜಮಾನಿ ಹಸುಗಳ ನಡುವೆ ಕುಕ್ಕರಗಾಲಲ್ಲಿ ಕುಳಿತು ಉಣ್ಣುತ್ತಿದ್ದಳು. ನಡುಮನೆಯಲ್ಲಿ ಸಿದ್ದಿಯೂ ಜಾತಿಯಿಲ್ಲದವಳೂ ಉಣ್ಣುತ್ತಿದ್ದರು. ನಾನು ಎರಡಕ್ಕೂ ನಡುವಿನ ಬಾಗಿಲಲ್ಲಿ ಸಾರಿನ ಪಾತ್ರೆ ಹಿಡಿದು ನಿಂತಿದ್ದೆ.

ಕಿರಸ್ತಾನದವ್ವ ಎರಡು ತುತ್ತು ಉಂಡು ಕೈ ನಿಲ್ಲಿಸಿದಳು. ನಮ್ಮ ಮನೆಯ ನಡುವೆ ಕುಳಿತು, ನಮ್ಮ ಮನೆಯೊಡತಿಯನ್ನು ಕೂಗಿದಳು.

"ಅಮ್ಮಾ, ಇಲ್ಲಿ ಜಾಗ ಇದೆ. ಒಳಗೆ ಬನ್ನಿ."

ಕೊಟ್ಟಿಗೆಯಲ್ಲಿ ಹಸುವೊಂದು ತಲೆ ಕೊಡವಿ ಗಂಟೆ ಅಲ್ಲಾಡಿಸಿತು. ಅದರ ಹಿಂದೆಯೇ ಅತ್ತೆಯ ದನಿ ಬಂತು.

"ಮೊದ್ಲು ತಿಂದು ಗದ್ದೆಗೆ ಇಳೀರಿ ಅತ್ಲಾಗಿ. ನಾಳಿಕ್ ನೋಡನ."